ಕೊಳೆಯಾಗದ ಒಂದು ಹೆಸರು

ಸ್ಟಿಲ್‌ಹೌಸ್ ಕಣಿವೆ, ಕೆಂಟಕಿ
ಮಾರ್ಚ್ 6, 2016

ಶೆಲ್ಬಿ ಕೂಸೇ,

ಇಲ್ಲಿ ನಾನಿದ್ದೀನಿ, ನಾಯಿಯೂ ಇದೆ. ನೀನೂ ಇದ್ದೀಯ ಅಂದುಕೊಂಡು ಬರೀತಿದ್ದೀನಿ.

ನೀನು ಫೋನು ಮಾಡಿದಾಗ ಪಕ್ಕದ ಮನೆ ಹೋಬರ್ಟ್ ಓಡಿ ಬಂದು ಅದನ್ನು ನನ್ನ ಕಿವಿಗೆ ಹಿಡಿದ. ನನಗೆ ಕೇಳಿಸಿದ್ದು ಡಬ್ಬಿಯೊಳಗೆ ಜೀರುಂಡೆ ಬಿದ್ದ ಸದ್ದು. ಆಮೇಲೆ ಅವನೇ ಕೂಗಿ ಹೇಳಿದ: "ವರ್ಡೀ, ನಿನ್ನ ಮೊಮ್ಮಗಳಿಗೆ ವರ್ಜೀನಿಯಾ ಹಡಗುಕಟ್ಟೆಯಲ್ಲಿ ಕೆಲಸ! ಮುಳುಗುಹಡಗಿನ ಹೊಟ್ಟೆಯೊಳಗೆ ಕೂತು ಕೊಳವೆ ವೆಲ್ಡಿಂಗ್ ಮಾಡೋದು. ಆದರೆ ಒಳಗೆ ಬಿಡೋ ಮೊದಲು ಸರ್ಕಾರ ಅವಳ ಜಾತಕ ಜಾಲಾಡ್ತದಂತೆ."

ಅದಕ್ಕೆ ನೂರಿಪ್ಪತ್ತು ಪುಟದ ಅರ್ಜಿಯಂತೆ. ನಾನು ಮದುವೆಯಾದಾಗ ಒಂದು ಪುಟಕ್ಕೆ ಸಹಿ ಹಾಕಿದ್ದೆ, ಅದೇ ಜಾಸ್ತಿ ಅನ್ನಿಸಿತ್ತು.

ನನ್ನ ಮಾತು ಕೇಳು. ಹತ್ತೊಂಬತ್ತರ ವಯಸ್ಸಲ್ಲಿ ನೀನು ನಿಮ್ಮಮ್ಮನ ಕೈಚೀಲದಿಂದ ಮೂರು ನೋವಿನ ಮಾತ್ರೆ ಎತ್ತಿಕೊಂಡು ಪೊಲೀಸರ ಕೈಗೆ ಸಿಕ್ಕಿದ್ದೆಯಲ್ಲ, ಅದನ್ನು ಬರೆಯಬೇಡ. ಒಂದು ವರ್ಷ ನೆಟ್ಟಗಿದ್ದೆ, ಜಡ್ಜು ಕಡತವನ್ನೇ ಅಳಿಸಿದರು. ಅಳಿಸಿದ್ದನ್ನು ಮತ್ತೆ ಬರೆಯೋದು ಒರೆಸಿದ ನೆಲಕ್ಕೆ ಉಗುಳಿದ ಹಾಗೆ. ಸಾಲ ಇದೆಯಾ ಅಂತ ಕೇಳಿದರೆ ಇಲ್ಲ ಅನ್ನು. ಬಾಯಿ ಬಿಟ್ಟರೆ ಬಣ್ಣಗೇಡು.

ಆ ಕೆಲಸ ಬಿಡಬೇಡ. ಇಲ್ಲಿಗೆ ವಾಪಸು ಬರಬೇಡ. ನಿನ್ನ ಜೊತೆ ಸ್ಕೂಲ್ ಬಸ್ಸು ಹತ್ತುತ್ತಿದ್ದ ಹನ್ನೊಂದು ಮಕ್ಕಳಲ್ಲಿ ನಾಲ್ಕು ಜೈಲಲ್ಲಿವೆ, ಮೂರು ಗುಡ್ಡದ ಮೇಲೆ ಮಲಗಿವೆ. ನಿಮ್ಮಮ್ಮನೂ ಅಲ್ಲೇ ಇದ್ದಾಳೆ. ಅಲ್ಲಿ ಇನ್ನು ಜಾಗ ಇಲ್ಲ.

ನಿನ್ನ ಅಜ್ಜಿ,
ವರ್ಡೀ


ವರ್ಜೀನಿಯಾ
ಮಾರ್ಚ್ 27, 2016

ಅಜ್ಜೀ,

ಬೈಬೇಡ. ಆ ಮಾತ್ರೆ ವಿಷಯ ಬರೆದೆ. "ಕೋರ್ಟು ಅಳಿಸಿದ್ದರೂ ಬರೆಯಿರಿ" ಅಂತ ಅರ್ಜಿಯಲ್ಲೇ ಇದೆ. ನಮಗೆ ಕೆಲಸ ಕಲಿಸುವ ಒಡೆಸ್ಸಾ ಮೇಡಂ ಮೊದಲ ದಿನವೇ ಹೇಳಿದರು: "ತಪ್ಪು ಮಾಡಿದವರನ್ನು ಒಳಗೆ ಬಿಡ್ತಾರೆ. ಮುಚ್ಚಿಟ್ಟವರನ್ನು ಬಿಡಲ್ಲ. ನೀನು ಮುಚ್ಚಿಟ್ಟಿದ್ದು ನಾಳೆ ವೈರಿ ಕೈಗೆ ಸಿಕ್ಕರೆ, ಅದನ್ನೇ ಹಿಡಿದು ನಿನ್ನನ್ನು ಕುಣಿಸ್ತಾನೆ." ಅದು ನನಗೆ ಸರಿ ಅನ್ನಿಸಿತು.

ಸಾಲ ಇಲ್ಲ ಅಂತ ಬರೆದೆ. ಇಲ್ಲವಲ್ಲ.

ಉತ್ತರ ಬರುವ ತನಕ ನಾನು ಬೇಲಿಯ ಈಚೆ ಶೆಡ್ಡಿನಲ್ಲಿ ಕೆಲಸ ಮಾಡಬೇಕು. ಸರ್ಕಾರ ಬೇಡ ಅಂದರೆ ಅವತ್ತೇ ಲೆಕ್ಕ ಚುಕ್ತಾ ಮಾಡಿ ಕಳಿಸ್ತಾರೆ. ಹಡಗು ಇಲ್ಲಿಂದ ಕಾಣಿಸ್ತದೆ ಅಜ್ಜೀ. ಬೆನ್ನು ಮಾತ್ರ. ಕಪ್ಪಗೆ, ತಾತನ ಗಣಿಯ ಬಾಯಿ ಹಾಗೆ.

ನನ್ನನ್ನು ಬಲ್ಲವರು ಅಂತ ನಿನ್ನ ಹೆಸರು ಕೊಟ್ಟಿದ್ದೀನಿ. ವಿಚಾರಣೆಯವರು ಒಬ್ಬರು ಬರ್ತಾರೆ. ನಿಜ ಹೇಳು. ಕಾಫಿ ಕೊಡು. ನಾಯಿ ಕಟ್ಟಿಹಾಕು.

ನಿನ್ನ,
ಶೆಲ್ಬಿ


ಸ್ಟಿಲ್‌ಹೌಸ್ ಕಣಿವೆ
ಜೂನ್ 12, 2016

ಶೆಲ್ಬಿ ಕೂಸೇ,

ನಿನ್ನ ಮನುಷ್ಯ ಬಂದಿದ್ದ. ಪ್ರೂಇಟ್ ಅಂತ ಹೆಸರು. ಬೂಟು ಎಷ್ಟು ಹೊಳೀತಿತ್ತು ಅಂದರೆ ನನ್ನ ಕೋಳಿ ಅದರಲ್ಲಿ ಮುಖ ನೋಡಿಕೊಂಡಿತು. ನಾಯಿ ಕಟ್ಟಿರಲಿಲ್ಲ. ಕಾಫಿ ಇತ್ತು, ನಾನೇ ಕುಡಿದೆ.

"ಅಮ್ಮಾ, ಶೆಲ್ಬಿ ಸ್ಟಿಡಮ್ ಗೊತ್ತಾ?" ಅಂದ.

"ಯಾವ ಸ್ಟಿಡಮ್? ಈ ಕಣಿವೆಯಲ್ಲಿ ಕಲ್ಲು ಎತ್ತಿದರೆ ಒಬ್ಬ ಸ್ಟಿಡಮ್ ಸಿಗ್ತಾನೆ."

"ನಿಮ್ಮ ಮೊಮ್ಮಗಳು. ನಿಮ್ಮ ಹೆಸರು ಅವರೇ ಕೊಟ್ಟಿದ್ದು."

"ಕೊಟ್ಟಿದ್ದರೆ ವಾಪಸು ತಗೊಂಡು ಹೋಗು."

ಬೆವರು ಒರೆಸಿಕೊಂಡ. ಪಾಪ ಅನ್ನಿಸಲಿಲ್ಲ. "ಅವರನ್ನು ಯಾವತ್ತಾದರೂ ಪೊಲೀಸರು ಹಿಡಿದಿದ್ದರಾ?"

"ಅವಳನ್ನಾ? ಅವಳನ್ನು ಶೀತ ಕೂಡ ಹಿಡಿದಿಲ್ಲ."

"ಮಾತ್ರೆ, ಮದ್ದು, ಅಂಥ ಅಭ್ಯಾಸ?"

"ಇದೆ. ಭಾನುವಾರ ಚರ್ಚಿಗೆ ಹೋಗೋ ಅಭ್ಯಾಸ. ನಿನಗಿದೆಯಾ?"

"ಸಾಲ?"

"ಏನಯ್ಯಾ, ಕಲ್ಲಿದ್ದಲು ಕಂಪನಿ ನನ್ನ ಗಂಡನಿಗೆ ಎರಡು ಶ್ವಾಸಕೋಶ ಬಾಕಿ ಇಟ್ಟಿದೆ. ಅದನ್ನು ಬರಕೋ."

ಕೊನೆಗೆ ಪುಸ್ತಕ ಮುಚ್ಚುತ್ತಾ, "ಗುಟ್ಟು ಕಾಪಾಡುವ ನಂಬಿಕೆಯ ಕೆಲಸಕ್ಕೆ ಇವರು ಆಗಬಹುದು ಅಂತೀರಾ?" ಅಂದ.

"ನಿನ್ನ ಸರ್ಕಾರವನ್ನು ನಂಬಬಹುದಾ ಅಂತ ನನ್ನನ್ನು ಯಾರಾದರೂ ಕೇಳಿದ್ದಾರಾ? ನಡಿ."

ನಿಮ್ಮ ಮುತ್ತಾತ ಈ ಹಳ್ಳದ ಮೇಲೆ ಮೂವತ್ತು ವರ್ಷ ಕಳ್ಳಬಟ್ಟಿ ಕಾಯಿಸಿದ. ಸರ್ಕಾರದವನು ಎಷ್ಟು ಸಲ ಬಂದರೂ ಒಂದು ಮಗು ಕೂಡ ದಾರಿ ತೋರಿಸಲಿಲ್ಲ. ನಾನು ಆ ಮನೆಗೆ ಸೊಸೆಯಾಗಿ ಬಂದೋಳು. ನಿನ್ನನ್ನು ಬಿಟ್ಟುಕೊಡ್ತೀನಾ?

ನೀನು ನಿಜ ಹೇಳು ಅಂದಿದ್ದೆ, ಓದಿದೆ. ನೀನು ಇನ್ನೂ ಚಿಕ್ಕವಳು.

ನಿನ್ನ ಅಜ್ಜಿ,
ವರ್ಡೀ


ವರ್ಜೀನಿಯಾ
ಅಕ್ಟೋಬರ್ 9, 2016

ಅಜ್ಜೀ,

ನಿನ್ನೆ ಕಾಗದ ಬಂತು. ನನ್ನನ್ನು ಒಳಗೆ ಬಿಡದಿರಲು ಮೂರು ಕಾರಣ ಬರೆದಿದ್ದಾರೆ.

ಒಂದು, ಮಾತ್ರೆ. ಅದನ್ನು ನಾನೇ ಹೇಳಿದ್ದರಿಂದ ದೊಡ್ಡದಲ್ಲ, ಆದರೆ ನನ್ನನ್ನು ಸಾಕಿದವರೇ "ಅಂಥದ್ದು ನಡೆದೇ ಇಲ್ಲ" ಅಂದಿದ್ದಾರೆ, ಹಾಗಾದರೆ ಈ ಮನೆಯವರ ಯಾವ ಮಾತು ನಿಜ ಅಂತ ಕೇಳ್ತಾರೆ. ಅದು ನೀನು, ಅಜ್ಜೀ. ಬೂಟು ಹೊಳೀತಿತ್ತು ಅಂತ ನಕ್ಕೆಯಲ್ಲ.

ಎರಡು, ಒಂದು ಸಾಲ. ಕರೆಂಟು ಕಂಪನಿಗೆ ಸಾವಿರದ ಎಂಟುನೂರ ಎಪ್ಪತ್ಮೂರು ಡಾಲರ್. ವಸೂಲಿಯವರ ಕೈಗೆ ಹೋಗಿ ಆರು ವರ್ಷ. ನನ್ನ ಹೆಸರು, ನನ್ನ ಸರ್ಕಾರಿ ಗುರುತಿನ ನಂಬರು, ನಮ್ಮ ಮನೆ ವಿಳಾಸ.

ಮೂರು, ಆ ಸಾಲ ಇಲ್ಲ ಅಂತ ನಾನು ಸಹಿ ಮಾಡಿ ಸುಳ್ಳು ಹೇಳಿದ್ದೀನಿ. ಇದೇ ಮುಳುಗಿಸೋದು ಅಂತಾರೆ ಒಡೆಸ್ಸಾ ಮೇಡಂ.

ಆ ಲೆಕ್ಕ ತೆರೆದಾಗ ನನಗೆ ಹದಿನಾಲ್ಕು ವರ್ಷ. ಅದು ನನ್ನದಲ್ಲ ಅಂತ ತೋರಿಸಬೇಕಾದರೆ ಪೊಲೀಸ್ ದೂರು ಕೊಡಬೇಕು. ದೂರಿನಲ್ಲಿ ಯಾರು ಮಾಡಿದ್ದು ಅಂತ ಬರೆಯಬೇಕು. ಇದಕ್ಕೆಲ್ಲ ಉತ್ತರ ಕೊಡೋಕೆ ನವೆಂಬರ್ 8ರ ತನಕ ಗಡುವು.

ಅಜ್ಜೀ, ನನ್ನ ನಂಬರಿನ ಚೀಟಿ ಆಗ ಯಾರ ಹತ್ತಿರ ಇತ್ತು?

ಶೆಲ್ಬಿ


ಸ್ಟಿಲ್‌ಹೌಸ್ ಕಣಿವೆ
ಅಕ್ಟೋಬರ್ 16, 2016

ಶೆಲ್ಬಿ ಕೂಸೇ,

ಈ ಸಲ ಹುರುಳಿಕಾಯಿ ಚೆನ್ನಾಗಿ ಬಂತು. ದಾರಕ್ಕೆ ಪೋಣಿಸಿ ಒಲೆಯ ಹಿಂದೆ ಒಣಗಲು ಹಾಕಿದ್ದೀನಿ, ಒಂಬತ್ತು ಸರ. ನಾಯಿ ಮುಂಗಾಲು ಊರುತ್ತಿಲ್ಲ. ಹೋಬರ್ಟ್ ಹೊಸ ಹಲ್ಲು ಕಟ್ಟಿಸಿಕೊಂಡ. ನಗುವಾಗ ಅವನಿಗಿಂತ ಹಲ್ಲು ಮುಂದಿರ್ತದೆ.

ನೀನು ಕೇಳಿದ್ದಕ್ಕೆ ಏನು ಹೇಳಲಿ. ಊರು ತುಂಬ ಕಳ್ಳರು. ಚೀಟಿ ಎಲ್ಲೋ ಬಿದ್ದಿತ್ತು, ಯಾರೋ ಎತ್ತಿಕೊಂಡರು.

ಯಾರಾದರೊಬ್ಬರ ಹೆಸರು ಬೇಕೇ ಬೇಕು ಅಂದರೆ ನಿಮ್ಮಮ್ಮನ ಹೆಸರು ಬರಿ. ರೊಂಡಾ ಮಾತ್ರೆಗೆ ಬಿದ್ದೋಳು ಅಂತ ಊರಿಗೆಲ್ಲ ಗೊತ್ತು, ನಂಬ್ತಾರೆ. ಸತ್ತು ಎರಡು ವರ್ಷ ಆಯಿತು. ಸತ್ತವರಿಗೆ ಜೈಲಿಲ್ಲ, ನೋವಿಲ್ಲ. ಬದುಕಿದ್ದಾಗ ನಿನಗೇನೂ ಮಾಡಲಿಲ್ಲ, ಈಗ ಇದೊಂದಾದರೂ ಮಾಡಲಿ.

ಎರಡು ಸಾಲು ಬರೆದು ಕಳಿಸು, ಮುಗೀತು. ಒಲೆ ಮೇಲೆ ಕಾಳು ಇಟ್ಟಿದ್ದೀನಿ, ತಳ ಹತ್ತುತ್ತಿದೆ.

ವರ್ಡೀ


ವರ್ಜೀನಿಯಾ
ಅಕ್ಟೋಬರ್ 25, 2016

ಅಜ್ಜೀ,

ಕರೆಂಟು ಕಂಪನಿಯವರು ಆವತ್ತಿನ ಅರ್ಜಿಯ ನಕಲು ಕಳಿಸಿದರು. ನನ್ನ ಹೆಸರಿನ ಸಹಿ. ಸಹಿಯ ಕೆಳಗೆ ಒಂದು ಗೆರೆ, ಗೆರೆಯ ಕೊನೆಗೆ ಕೊಕ್ಕೆ. ನಮ್ಮ ಉಪ್ಪಿನಕಾಯಿ ಬಾಟಲಿಗಳ ಮೇಲೆ ಆ ಕೊಕ್ಕೆ ನೋಡಿಕೊಂಡೇ ಬೆಳೆದಿದ್ದೀನಿ.

ಯಾರಿಗೂ ತೋರಿಸಿಲ್ಲ. ಶೆಡ್ಡಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದೀನಿ. ಮೂರು ದಿನದಿಂದ ವೆಲ್ಡಿಂಗ್ ಸೊಟ್ಟಗಾಗ್ತಿದೆ. ಮೇಡಂ ಎರಡು ಸಲ ಕತ್ತರಿಸಿ ಮತ್ತೆ ಮಾಡಿಸಿದರು.

ಅಮ್ಮನ ಹೆಸರು ಬರೆಯಲ್ಲ. ಅವಳು ಮಾಡಿದ್ದೇ ಸಾಕಷ್ಟಿದೆ, ಮಾಡದ್ದನ್ನೂ ಹೊರಿಸಬೇಡ. ನಿನ್ನ ಹೆಸರೂ ಬರೆಯಲ್ಲ. ನಿನಗೆ ಎಪ್ಪತ್ತಾರು ವರ್ಷ, ನಿನ್ನನ್ನು ಪೊಲೀಸರ ಕೈಗೆ ಕೊಟ್ಟು ನಾನು ಯಾವ ಹಡಗು ಹತ್ತಲಿ?

ಗಡುವು ಮುಗಿದ ಮರುದಿನ, 9ಕ್ಕೆ, ಬಸ್ಸಿಗೆ ಚೀಟಿ ತೆಗೆಸಿದ್ದೀನಿ. ಹೋಬರ್ಟ್‌ಗೆ ಹೇಳು, ಪೇಟೆಯ ಪೆಟ್ರೋಲ್ ಬಂಕಿನ ಹತ್ತಿರ ಬಂದು ಕರಕೊಂಡು ಹೋಗಲಿ. ಯಾಕೆ ಅಂತ ಕೇಳಬೇಡ ಅನ್ನು.

ಶೆಲ್ಬಿ


ಸ್ಟಿಲ್‌ಹೌಸ್ ಕಣಿವೆ
ಅಕ್ಟೋಬರ್ 29, 2016

ಶೆಲ್ಬಿ,

ಆ ಬಸ್ಸಿಗೆ ಬಂದರೆ ಬಾಗಿಲು ತೆಗೆಯಲ್ಲ. ಮೊದಲು ಅದನ್ನು ಬರೆದುಬಿಟ್ಟೆ, ಈಗ ಉಳಿದದ್ದು.

2009ರ ಜನವರಿ. ತಾತನ ಎದೆಯಲ್ಲಿ ಗಣಿಯ ಧೂಳು ಕಲ್ಲಾಗಿತ್ತು. ಉಸಿರಿನ ಯಂತ್ರ ಮಂಚದ ಪಕ್ಕ ಗುರುಗುಟ್ಟುತ್ತಿತ್ತು, ನಿನಗೆ ನೆನಪಿದೆ, ಅದರ ಸದ್ದಿಗೇ ನೀನು ನಿದ್ದೆ ಮಾಡ್ತಿದ್ದೆ. ಕರೆಂಟು ಕಡಿದರು. ಕೈಯಲ್ಲಿದ್ದ ಸಿಲಿಂಡರಿನಲ್ಲಿ ಆರು ಗಂಟೆಯ ಗಾಳಿ. ಕಂಪನಿಗೆ ಹೋದರೆ, ನನ್ನ ಹೆಸರಲ್ಲಿ ಬಾಕಿ. ತಾತನ ಹೆಸರಲ್ಲಿ ಬಾಕಿ. ನಿಮ್ಮಮ್ಮನ ಹೆಸರಲ್ಲಿ ಎರಡು ಊರಲ್ಲಿ ಬಾಕಿ. ಮನೆಯಲ್ಲಿ ಕೊಳೆಯಾಗದ ಹೆಸರು ಒಂದೇ ಉಳಿದಿತ್ತು. ನಂಬರಿನ ಚೀಟಿ ಬೈಬಲ್ಲಿನೊಳಗೆ ನಾನೇ ಇಟ್ಟಿದ್ದೆ. ತೆಗೆದೆ.

ಇದೇನೂ ನಾನು ಕಂಡುಹಿಡಿದದ್ದಲ್ಲ. ಈ ಕಣಿವೆಯಲ್ಲಿ ಅರ್ಧ ಮನೆಗಳ ದೀಪ ಉರಿಯೋದು ಮಕ್ಕಳ ಹೆಸರಲ್ಲಿ. ಹೋಬರ್ಟ್ ಮನೆ ಮೀಟರು ಅವನ ಆರು ವರ್ಷದ ಮೊಮ್ಮಗನದು. ಮೀಟರು ಓದೋನು ಬಂದು "ಯಜಮಾನರು ಇದ್ದಾರಾ?" ಅಂದರೆ "ಸ್ಕೂಲಿಗೆ ಹೋಗಿದ್ದಾರೆ" ಅನ್ನಬೇಕು. ನಾವು ಇದನ್ನು ಹೇಳಿಕೊಂಡು ನಗ್ತಿದ್ದೆವು. ನೋಡು, ನಗ್ತಿದ್ದೆವು.

ಅರ್ಜಿಯಲ್ಲಿ ನಿನ್ನ ವಯಸ್ಸು ಇಪ್ಪತ್ತೆರಡು ಅಂತ ಬರೆದೆ. ನಾನು ಆವತ್ತು ಹೇಳಿದ ಸುಳ್ಳಿನ ವಯಸ್ಸಿಗೆ ನೀನು ಈಗ ಬಂದು ನಿಂತಿದ್ದೀಯ.

ಸ್ವಲ್ಪ ಸ್ವಲ್ಪ ಕಟ್ಟಿ ತಳ್ಳಿದೆ. ತಾತ ಎರಡು ಚಳಿಗಾಲ ನಿನ್ನ ಹೆಸರಿನ ಮೇಲೆ ಉಸಿರಾಡಿದ. ಅವನು ಹೋದ ಮೇಲೆ ಬಿಲ್ಲಿನ ಲಕೋಟೆ ಒಡೆಯೋದೇ ಬಿಟ್ಟೆ. ಮಾರ್ಚಿನಲ್ಲಿ ನಿನಗೆ "ಸಾಲ ಇಲ್ಲ ಅನ್ನು" ಅಂತ ಬರೆಯುವಾಗ ನನ್ನ ಕೈ ಒಂದು ಗಳಿಗೆ ನಿಂತಿತ್ತು. ನಿಂತು, ಮುಂದೆ ಹೋಯಿತು. ಇದಕ್ಕೆ ಏನು ಶಿಕ್ಷೆ ಇದ್ದರೂ ಕಮ್ಮಿಯೇ.

ನಿಮ್ಮಮ್ಮನ ಹೆಸರು ಹೇಳು ಅಂದೆನಲ್ಲ, ನಿನ್ನೆ ಗುಡ್ಡ ಹತ್ತಿ ಅವಳ ಹತ್ತಿರ ಕೂತು ಬಂದೆ. ಹತ್ತೋಕೆ ಒಂದು ಗಂಟೆ ಆಯಿತು.

ಈಗ ಕೆಲಸದ ಮಾತು. ಸೋಮವಾರ ಶೆರಿಫ್ ಕಚೇರಿಗೆ ಹೋಗಿ ಪೊಲೀಸರ ಮುಂದೆ ಒಪ್ಕೋತೀನಿ. ಆಮೇಲೆ ಕೋರ್ಟಿನ ಗುಮಾಸ್ತೆಯ ಮುಂದೆ ಪ್ರಮಾಣ ಮಾಡಿ ನಿನ್ನ ಸರ್ಕಾರಕ್ಕೆ ಕಾಗದ ಕಳಿಸ್ತೀನಿ. ಆದರೆ ನಾನೊಬ್ಬಳೇ ಬರೆದರೆ ಸಾಲದು. ಆ ನಕಲು ನಿನ್ನ ಪೆಟ್ಟಿಗೆಯಲ್ಲಿದೆ. ಗೊತ್ತಿದ್ದೂ ಮುಚ್ಚಿಟ್ಟಳು ಅಂತಾರೆ, ಆಗ ಅದು ನಿನ್ನ ನಿಜವಾದ ಸುಳ್ಳಾಗ್ತದೆ. ದೂರು ನೀನು ಕೊಡಬೇಕು. ನನ್ನ ಹೆಸರು ನಿನ್ನ ಕೈಯಲ್ಲೇ ಬರೆಯಬೇಕು. ವರ್ಡೀ ಮೇ ಸ್ಟಿಡಮ್. ಪೂರ್ತಿ ಬರಿ, ಈ ಕಣಿವೆಯಲ್ಲಿ ಇನ್ನೊಬ್ಬ ವರ್ಡೀ ಇದ್ದಾಳೆ, ಅವಳು ಒಳ್ಳೆಯೋಳು.

ನಮ್ಮ ಮನೆಯಲ್ಲಿ ನಾಲ್ಕು ತಲೆಮಾರಿನಿಂದ ಯಾರೂ ಮನೆಯವರ ಹೆಸರು ಸರ್ಕಾರಕ್ಕೆ ಕೊಟ್ಟಿಲ್ಲ. ನೀನು ಕೊಡು. ಬೇಡ್ಕೋತೀನಿ ಅಂತ ಬರೆಯೋಕೆ ನನಗೆ ಬರಲ್ಲ, ಬರೆದಿದ್ದೀನಿ ಅಂದುಕೋ.

ಅಜ್ಜಿ


ಸ್ಟಿಲ್‌ಹೌಸ್ ಕಣಿವೆ
ನವೆಂಬರ್ 1, 2016

ಶೆಲ್ಬಿ ಸ್ಟಿಡಮ್ ಕಡತ ನೋಡುತ್ತಿರುವ ಅಧಿಕಾರಿಗೆ,

ನೀವು ಗಂಡಸೋ ಹೆಂಗಸೋ ಗೊತ್ತಿಲ್ಲ. ನಾನು ಅವಳ ಅಜ್ಜಿ. ಆರನೇ ಕ್ಲಾಸಿಗೇ ಸ್ಕೂಲು ಬಿಟ್ಟೋಳು, ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ. ಪಕ್ಕದ ಮನೆಯವನು ಓದಿ ಎರಡು ಬೈಗುಳ ತೆಗೆಸಿದ್ದಾನೆ.

ಆ ಕರೆಂಟಿನ ಸಾಲ ನಾನು ಮಾಡಿದ್ದು. ಸಹಿ ನನ್ನದು. ಆವತ್ತು ಆ ಹುಡುಗಿ ಎಂಟನೇ ಕ್ಲಾಸಿನಲ್ಲಿದ್ದಳು. ಅವಳಿಗೆ ನಾನು ಹೇಳಲಿಲ್ಲ, ಸಾಲ ಇಲ್ಲ ಅಂತ ಬರಿ ಅಂತ ನಾನೇ ಹೇಳಿಕೊಟ್ಟೆ.

ನಿಮ್ಮ ಪ್ರೂಇಟ್‌ಗೆ ನಾನು ಹೇಳಿದ್ದರಲ್ಲಿ ನನ್ನ ಗಂಡನ ಶ್ವಾಸಕೋಶ ಬಿಟ್ಟರೆ ಬೇರೇನೂ ನಿಜವಲ್ಲ. ಪೊಲೀಸರು ಅವಳನ್ನು ಹಿಡಿದಿದ್ದು ಹೌದು. ಮೂರು ಮಾತ್ರೆ, ಒಂದು ಸಲ. ಅವಳಮ್ಮ ಅದರಲ್ಲೇ ಸತ್ತಳು, ಇವಳು ಅದರಿಂದ ಎದ್ದು ನಡೆದಳು. ನಡೆಯುವಾಗ ಹಿಂದೆ ನೋಡಿದ್ದು ನನಗೋಸ್ಕರ ಮಾತ್ರ. ಅವತ್ತು ಅವನಿಗೆ ಕಾಫಿಯೂ ಕೊಡಲಿಲ್ಲ. ಇನ್ನೊಂದು ಸಲ ಕಳಿಸಿದರೆ ಕೊಡ್ತೀನಿ.

ಅವನು ಕೊನೆಗೆ ಒಂದು ಪ್ರಶ್ನೆ ಕೇಳಿದ್ದ, ಗುಟ್ಟಿನ ಕೆಲಸಕ್ಕೆ ಅವಳನ್ನು ನಂಬಬಹುದಾ ಅಂತ. ನಾನು ಅವನನ್ನು ಬೈದು ಓಡಿಸಿದೆ. ಈಗ ಹೇಳ್ತೀನಿ. ಆ ಮನೆಯಲ್ಲಿ ನಾನೂ ಇದ್ದೆ, ಅವಳೂ ಇದ್ದಳು. ನಿಮಗೆ ನಿಜ ಬರೆದವಳು ಅವಳು. ನಂಬಬಾರದವಳು ನಾನು.

ದೇವರ ಮೇಲೆ ಪ್ರಮಾಣ ಮಾಡಿ, ಗುಮಾಸ್ತೆಯ ಎದುರು ಸಹಿ ಹಾಕಿದ್ದೀನಿ. ಗೆರೆಯ ಕೊನೆಗೆ ಕೊಕ್ಕೆ ಇದೆ, ಹಳೆಯದರ ಪಕ್ಕ ಇಟ್ಟು ನೋಡಿ.

ವರ್ಡೀ ಮೇ ಸ್ಟಿಡಮ್


ವರ್ಜೀನಿಯಾ
ನವೆಂಬರ್ 7, 2016

ಅಜ್ಜೀ,

ಬರೆದೆ. ನಕಲೂ ಜೊತೆಗಿಟ್ಟೆ.

ಹೆಸರಿನ ಪಕ್ಕ "ಸಂಬಂಧ" ಅಂತ ಒಂದು ಖಾನೆ ಇತ್ತು. ಅದರ ಮುಂದೆ ಅರ್ಧ ಗಂಟೆ ಕೂತಿದ್ದೆ. ಮೇಡಂ ಬಂದು ಬಾಗಿಲು ಹಾಕಿಕೊಂಡು ಹೋದರು.

ಬಸ್ಸಿನ ಚೀಟಿ ಇನ್ನೂ ಇದೆ. ಹರಿದಿಲ್ಲ.

ಶೆಲ್ಬಿ


ಸ್ಟಿಲ್‌ಹೌಸ್ ಕಣಿವೆ
ಫೆಬ್ರವರಿ 15, 2017

ಶೆಲ್ಬಿ ಕೂಸೇ,

ಸಂಜೆ ಐದಕ್ಕೆ ಮೊದಲು ಇದನ್ನು ಅಂಚೆಗೆ ಹಾಕಬೇಕು, ಹೋಬರ್ಟ್ ಗಾಡಿ ಚಾಲೂ ಮಾಡಿಕೊಂಡು ನಿಂತಿದ್ದಾನೆ. ಅದಕ್ಕೇ ಅಕ್ಷರ ಹೀಗಿದೆ.

ಮೊದಲ ಸಲ ಶೆರಿಫ್ ಕಚೇರಿಗೆ ಹೋದಾಗ ಅಲ್ಲಿನ ಪೊಲೀಸ್ ಹುಡುಗ "ಅಜ್ಜೀ, ಮನೆಗೆ ಹೋಗಿ ಬೆಚ್ಚಗೆ ಮಲಗಿ" ಅಂದಿದ್ದ. ಕಳ್ಳಿಯೇ ಬಂದು ಕೂತರೂ ಹಿಡಿಯೋರಿಲ್ಲ ಅಂತ ಬೈದು ಬಂದಿದ್ದೆ. ನಿನ್ನ ದೂರು ಬಂದ ಮೇಲೆ ಅವನೇ ಮನೆಗೆ ಬಂದ, ಟೋಪಿ ಕೈಯಲ್ಲಿ ಹಿಡಕೊಂಡು. ನೀನು ಬರೆದದ್ದು ತೋರಿಸು ಅಂದೆ, ತೋರಿಸಿದ. ಖಾನೆಯಲ್ಲಿ ಬರೀ "ಅಜ್ಜಿ" ಅಂತ ಬರೆದಿದ್ದೀಯ. ಸರಿಯಾಗಿದೆ.

ಇವತ್ತು ಕೋರ್ಟು. ಒಂದು ವರ್ಷ ನೆಟ್ಟಗಿದ್ದರೆ ಕೇಸು ಬಿಟ್ಟುಬಿಡ್ತಾರಂತೆ. ನಿನಗೆ ಕೊಟ್ಟಿದ್ದನ್ನೇ ಕೊಟ್ಟರು. ಎಪ್ಪತ್ತಾರರಲ್ಲಿ ನಾನು ಸೊಟ್ಟಗೆ ಹೋಗೋಕೆ ಎಲ್ಲಿ ಶಕ್ತಿ ಇದೆ ಅಂದೆ, ಜಡ್ಜು ನಗಲಿಲ್ಲ. ಸಾಲ ನನ್ನ ಹೆಸರಿಗೆ ಬಂತು. ಕಂಪನಿಯವರು ಕರೆಂಟು ಕಡಿದರು, ಒಲೆ ಇದೆ, ಕಟ್ಟಿಗೆ ಇದೆ, ನೀನು ಕಾಸು ಕಳಿಸಿದರೆ ಒಲೆಗೆ ಹಾಕ್ತೀನಿ.

ಇನ್ನೊಂದು ಷರತ್ತು. ಮೋಸ ಹೋದವರ ಜೊತೆ ಮೋಸ ಮಾಡಿದವಳು ಮಾತಾಡುವ ಹಾಗಿಲ್ಲ, ಬರೆಯುವ ಹಾಗಿಲ್ಲ, ಯಾರ ಕೈಲೂ ಹೇಳಿಕಳಿಸುವ ಹಾಗಿಲ್ಲ. ಒಂದು ವರ್ಷ. ಮಾಮೂಲು ಷರತ್ತಂತೆ, ಎಲ್ಲರಿಗೂ ಹಾಕೋದಂತೆ. ಐದು ಗಂಟೆಯಿಂದ ಶುರು. "ಮೋಸ ಹೋದವರು ಯಾರು ಸ್ವಾಮೀ?" ಅಂತ ಕೇಳಿದೆ, ನನಗೆ ಅರ್ಥವಾಗಲಿಲ್ಲ. ನಿನ್ನ ಹೆಸರು ಓದಿದರು.

ಅದನ್ನು ತೆಗೆಸೋಕೆ ನೀನು ಅರ್ಜಿ ಹಾಕಬೇಡ. ನಿನ್ನ ಕೆಲಸದ ಕಾಗದ ಇನ್ನೂ ಸರ್ಕಾರದವರ ಮೇಜಿನ ಮೇಲಿದೆ. ಅಜ್ಜಿಗೋಸ್ಕರ ಕರಗಿದಳು ಅಂತ ಅದರಲ್ಲಿ ಒಂದು ಸಾಲು ಸೇರಬಾರದು.

ನಾಯಿ ಹೋಯಿತು. ಭಾನುವಾರ. ಹೇಳಬಾರದು ಅಂದುಕೊಂಡಿದ್ದೆ, ಆದರೆ ಇನ್ನು ಒಂದು ವರ್ಷ ಹೇಳೋಕಾಗಲ್ಲ.

ಹೋಬರ್ಟ್ ಹಾರನ್ ಹೊಡೀತಿದ್ದಾನೆ. ಆ ಬಸ್ಸಿನ ಚೀಟಿ ಹರಿ.

ಅಜ್ಜಿ


ವರ್ಜೀನಿಯಾ
ಜೂನ್ 14, 2017

ಅಜ್ಜೀ,

ನಾನು ಬರೆಯಬಾರದು ಅಂತ ಯಾರೂ ಹೇಳಿಲ್ಲ, ಕೇಳಿಕೊಂಡೇ ಬರೀತಿದ್ದೀನಿ. ನೀನು ಉತ್ತರ ಬರೆಯಬೇಡ. ಹೋಬರ್ಟ್ ಕೈಲೂ ಏನೂ ಹೇಳಿಸಬೇಡ. ಓದಿ ಬೈಬಲ್ಲಿನೊಳಗೆ ಇಟ್ಟುಬಿಡು.

ಮೊನ್ನೆ ಸೋಮವಾರ ಬೇಲಿಯ ಗೇಟಿನಲ್ಲಿ ನನ್ನ ಗುರುತಿನ ಚೀಟಿ ನೋಡಿದರು, ಹೆಸರು ಜೋರಾಗಿ ಓದಿದರು, ಬಿಟ್ಟರು. ಏಣಿ ಇಳಿದು ಒಳಗೆ ಹೋದೆ.

ಒಳಗೆ ಏನಿದೆ ಅಂತ ನಾನು ಹೇಳುವ ಹಾಗಿಲ್ಲ. ಒಂದು ಮಾತ್ರ ಹೇಳ್ತೀನಿ, ಇದರಲ್ಲಿ ಗುಟ್ಟಿಲ್ಲ: ಅಲ್ಲಿ ಗಾಳಿಯ ಯಂತ್ರ ಒಂದು ಸದಾ ಗುರುಗುಟ್ಟುತ್ತಿರ್ತದೆ. ಊಟದ ಬಿಡುವಿನಲ್ಲಿ ಗೋಡೆಗೆ ಒರಗಿ ಕೂತಿದ್ದೆ. ನಿದ್ದೆ ಬಂದುಬಿಟ್ಟಿತು.

ಫೆಬ್ರವರಿ 15ಕ್ಕೆ ಇನ್ನು ಇನ್ನೂರ ನಲವತ್ತಾರು ದಿನ.

ಶೆಲ್ಬಿ